ದೂರದರ್ಶನದಲ್ಲಿ ನಟಿಸಿದವರು ಮರುಪ್ರಸಾರದ ಹಣ ಕೇಳುವ ಬಗೆ

2020ರ ಮಾರ್ಚ್ 28ರಂದು, ದೇಶಕ್ಕೆ ದೇಶವೇ ಮನೆಯೊಳಗೆ ಕುಳಿತಿದ್ದಾಗ, ದೂರದರ್ಶನ ‘ರಾಮಾಯಣ’ ಧಾರಾವಾಹಿಯ ಮರುಪ್ರಸಾರ ಆರಂಭಿಸಿತು. ಏಪ್ರಿಲ್ 16ರ ಕಂತನ್ನು 7.7 ಕೋಟಿ ಜನ ನೋಡಿದ್ದಾರೆ ಎಂದು ದೂರದರ್ಶನವೇ ಪ್ರಕಟಿಸಿತು. ಅದೇ ಏಪ್ರಿಲ್‌ನಲ್ಲಿ ಹಳೆಯ ಕಾರ್ಯಕ್ರಮಗಳಿಗೆಂದೇ ಡಿಡಿ ರೆಟ್ರೊ ವಾಹಿನಿ ಶುರುವಾಯಿತು. 2024ರ ನವೆಂಬರ್‌ನಲ್ಲಿ ಗೋವಾ ಚಲನಚಿತ್ರೋತ್ಸವದ ವೇಳೆ, ದೂರದರ್ಶನವನ್ನು ನಡೆಸುವ ಪ್ರಸಾರ ಭಾರತಿ ತನ್ನದೇ ಒಟಿಟಿ ವೇದಿಕೆ ‘ವೇವ್ಸ್’ ಅನ್ನು ತೆರೆಯಿತು. ಕಪಾಟಿನಲ್ಲಿದ್ದ ಟೇಪುಗಳಿಗೆ ಮತ್ತೆ ಬೆಲೆ ಬಂದಿದೆ.

ಆ ಟೇಪುಗಳಲ್ಲಿ ನಟಿಸಿದವರಿಗೆ ಇದರಲ್ಲಿ ಪಾಲು ಉಂಟೇ? ಕಿರುತೆರೆಯ ಹಿರಿಯ ಕಲಾವಿದರು ಸೇರಿದ ಕಡೆಯಲ್ಲೆಲ್ಲ ಈ ಪ್ರಶ್ನೆ ಬರುತ್ತದೆ. ಒಬ್ಬರು ‘ನಮಗೇನೂ ಬರುವುದಿಲ್ಲ, ಬಿಡಿ’ ಎನ್ನುತ್ತಾರೆ. ಇನ್ನೊಬ್ಬರು ‘ಕೋಟಿಗಟ್ಟಲೆ ಬರಬೇಕು’ ಎನ್ನುತ್ತಾರೆ. ಎರಡೂ ಸರಿಯಲ್ಲ. ಕೆಲವರಿಗೆ ಖಂಡಿತ ಹಕ್ಕಿದೆ, ಕೆಲವರಿಗೆ ಕರಾರಿನಲ್ಲಿ ಬರೆದಿದ್ದರೆ ಮಾತ್ರ ಇದೆ, ಕೆಲವರಿಗೆ ಕೇಳಬೇಕಾದ ವ್ಯಕ್ತಿಯೇ ಬೇರೆ. ನೀವು ಯಾವ ಗುಂಪಿಗೆ ಸೇರಿದವರು ಎಂಬುದನ್ನು ತಿಳಿದು, ಕಾಗದ ಜೋಡಿಸಿ, ಕೇಳುವಲ್ಲಿ ಕೇಳುವುದು ಹೇಗೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಕಲಾವಿದರ ಪರವಾಗಿ ಇಂಥ ಅರ್ಜಿಗಳನ್ನು ಬರೆದುಕೊಡುವ ಕೆಲಸದಲ್ಲಿ ನಾನು ಕಂಡುಕೊಂಡದ್ದು ಇಷ್ಟು: ಹಕ್ಕು ಇಲ್ಲದೆ ಸೋತವರಿಗಿಂತ ಕಾಗದ ಇಲ್ಲದೆ ಸೋತವರೇ ಹೆಚ್ಚು.

ಮೊದಲು ಕಾರ್ಯಕ್ರಮ ಯಾರದ್ದೆಂದು ತಿಳಿಯಿರಿ

ದೂರದರ್ಶನದಲ್ಲಿ ಪ್ರಸಾರವಾದ ಮಾತ್ರಕ್ಕೆ ಧಾರಾವಾಹಿ ದೂರದರ್ಶನದ್ದಾಗುವುದಿಲ್ಲ. ಕೇಂದ್ರದ ಸ್ಟುಡಿಯೊದಲ್ಲೇ ಅಲ್ಲಿನ ನಿರ್ಮಾಪಕರು ಮಾಡಿದ ನಾಟಕ, ಕಿರುಚಿತ್ರಗಳು ಒಂದು ಬಗೆ. ಅವುಗಳ ಒಡೆತನ ಸಂಸ್ಥೆಯದು. ದೂರದರ್ಶನವೇ ಹಣ ಕೊಟ್ಟು ಹೊರಗಿನ ನಿರ್ಮಾಪಕರಿಂದ ಮಾಡಿಸಿದ ಕಮಿಷನ್ಡ್ ಕಾರ್ಯಕ್ರಮಗಳು ಎರಡನೆಯ ಬಗೆ. ಅವುಗಳ ಹಕ್ಕೂ ಸಾಮಾನ್ಯವಾಗಿ ದೂರದರ್ಶನಕ್ಕೇ ಸೇರುತ್ತದೆ, ಆದರೆ ನಿಮ್ಮೊಂದಿಗೆ ಒಪ್ಪಂದ ಮಾಡಿಕೊಂಡವರು ಆ ಹೊರಗಿನ ನಿರ್ಮಾಪಕರು. ಮೂರನೆಯದು ಪ್ರಾಯೋಜಿತ ಧಾರಾವಾಹಿ. ಇಲ್ಲಿ ನಿರ್ಮಾಪಕರು ತಮ್ಮ ಹಣದಲ್ಲಿ ಧಾರಾವಾಹಿ ತಯಾರಿಸಿ, ದೂರದರ್ಶನಕ್ಕೆ ಪ್ರಸಾರ ಶುಲ್ಕ ಕಟ್ಟಿ, ಜಾಹೀರಾತಿನ ಸಮಯ ಪಡೆದು ಅದನ್ನು ಮಾರಿಕೊಳ್ಳುತ್ತಿದ್ದರು. ಹಕ್ಕು ನಿರ್ಮಾಪಕರ ಬಳಿಯೇ ಉಳಿಯುತ್ತಿತ್ತು. ಇಂಥ ಧಾರಾವಾಹಿಯನ್ನು ಮುಂದೆ ಖಾಸಗಿ ವಾಹಿನಿಗೋ ಯೂಟ್ಯೂಬ್ ಚಾನೆಲ್‌ಗೋ ಮಾರಿದ್ದರೆ ನೀವು ಹೋಗಬೇಕಾದ ಬಾಗಿಲು ನಿರ್ಮಾಪಕರದ್ದು. ಬೆಂಗಳೂರಿನ ಜೆ.ಸಿ. ನಗರದ ದೂರದರ್ಶನ ಕೇಂದ್ರಕ್ಕೆ ಎಷ್ಟು ಪತ್ರ ಬರೆದರೂ ಪ್ರಯೋಜನವಿಲ್ಲ.

ಹಲವು ವರ್ಷಗಳ ಹಿಂದಿನ ಕೆಲಸ ಯಾವ ಬಗೆಯದೆಂದು ನೆನಪಿರುವುದಿಲ್ಲ. ಗುರುತಿಸಲು ಸುಲಭದ ದಾರಿ ಹಣ ಯಾರಿಂದ ಬಂತು ಎಂದು ನೋಡುವುದು. ಹಳೆಯ ಬ್ಯಾಂಕ್ ಪಾಸ್‌ಬುಕ್ ತೆಗೆಯಿರಿ. ಚೆಕ್ ಜಮಾ ಆದ ಸಾಲಿನಲ್ಲಿ ಕೊಟ್ಟವರ ಹೆಸರು ಕೆಲವೊಮ್ಮೆ ಇರುತ್ತದೆ. ಕೆಲಸ ತೀರಾ ಹಳೆಯದಲ್ಲದಿದ್ದು, ನಿಮ್ಮ ಪ್ಯಾನ್ ಸಂಖ್ಯೆಯಲ್ಲಿ ಟಿಡಿಎಸ್ (ಹಣ ಕೊಡುವವರೇ ಮೊದಲೇ ಹಿಡಿದುಕೊಳ್ಳುವ ತೆರಿಗೆ) ಕಡಿತವಾಗಿದ್ದರೆ ಆದಾಯ ತೆರಿಗೆ ಇಲಾಖೆಯ ನಮೂನೆ 26ಎಎಸ್‌ನಲ್ಲಿ ಕಡಿತ ಮಾಡಿದವರ ಹೆಸರು, ವರ್ಷ, ಮೊತ್ತ ಎಲ್ಲವೂ ಸಿಗುತ್ತವೆ. ಕಲಾವಿದರಲ್ಲಿ ಬಹಳ ಮಂದಿ ಈ ದಾಖಲೆಯನ್ನು ತೆರಿಗೆಯವರಿಗಷ್ಟೇ ಬೇಕಾದದ್ದು ಎಂದುಕೊಂಡಿದ್ದಾರೆ. ನೀವು ಕೆಲಸ ಮಾಡಿದ್ದಿರಿ, ಇಂಥವರೇ ಹಣ ಕೊಟ್ಟರು ಎಂಬುದಕ್ಕೆ ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಸಿಗುವುದು ಕಷ್ಟ. ಕಂತಿನ ಕೊನೆಯಲ್ಲಿ ಬರುವ ಹೆಸರುಗಳ ಪಟ್ಟಿಯನ್ನೂ ನೋಡಿ. ‘ನಿರ್ಮಾಣ’ ಎಂಬಲ್ಲಿ ಯಾರ ಹೆಸರಿದೆ, ಹಕ್ಕುಸ್ವಾಮ್ಯದ ಗುರುತಿನ ಮುಂದೆ ಯಾರ ಹೆಸರಿದೆ ಎಂಬುದನ್ನು ಬರೆದಿಟ್ಟುಕೊಳ್ಳಿ.

ನಟಿಸಿದ ವರ್ಷ ಯಾವುದು?

ನಿಮ್ಮ ಬೇಡಿಕೆಯ ಬಲ ಹೆಚ್ಚಾಗಿ ವರ್ಷದ ಮೇಲೆ ನಿಂತಿದೆ. ಇದು ನ್ಯಾಯವೆಂದು ನನಗೆ ಅನ್ನಿಸುವುದಿಲ್ಲ, ಆದರೆ ಕಾನೂನು ಇರುವುದು ಹೀಗೆ.

1957ರ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ಮೊದಲಿಗೆ ನಟರಿಗೆ ಹಕ್ಕೇ ಇರಲಿಲ್ಲ. ಕಥೆ ಬರೆದವರಿಗೆ, ಸಂಗೀತ ಕೂಡಿಸಿದವರಿಗೆ, ನಿರ್ಮಾಪಕರಿಗೆ ಇತ್ತು. ಎಪ್ಪತ್ತರ ದಶಕದ ಕೊನೆಯಲ್ಲಿ ನಟ ದೇವ್ ಆನಂದ್ ಅವರ ಪ್ರಕರಣದಲ್ಲಿ ಬಾಂಬೆ ಹೈಕೋರ್ಟ್, ಚಿತ್ರದಲ್ಲಿನ ಅಭಿನಯದ ಮೇಲೆ ನಟನಿಗೆ ಹಕ್ಕುಸ್ವಾಮ್ಯ ಇಲ್ಲವೆಂದೇ ಹೇಳಿತು. 1994ರ ತಿದ್ದುಪಡಿ ‘ಪ್ರದರ್ಶಕರ ಹಕ್ಕು’ ಎಂಬುದನ್ನು ಮೊದಲ ಬಾರಿಗೆ ತಂದಿತು. ಅದು ಜಾರಿಗೆ ಬಂದದ್ದು 1995ರ ಮೇ 10ರಂದು. ಅದರಲ್ಲೂ ಒಂದು ದೊಡ್ಡ ತೂತಿತ್ತು: ತನ್ನ ಅಭಿನಯವನ್ನು ಚಲನಚಿತ್ರದಲ್ಲಿ ಸೇರಿಸಲು ನಟ ಒಮ್ಮೆ ಒಪ್ಪಿದರೆ ಆ ಹಕ್ಕು ಅಲ್ಲಿಗೇ ಮುಗಿಯುತ್ತಿತ್ತು. ಕಾನೂನಿನ ಕಣ್ಣಿಗೆ ಧಾರಾವಾಹಿಯೂ ಚಲನಚಿತ್ರವೇ. ದೃಶ್ಯಮುದ್ರಣವಾದ ಯಾವುದೇ ಕೃತಿ ಆ ವ್ಯಾಖ್ಯೆಯೊಳಗೆ ಬರುತ್ತದೆ.

ನಿಜವಾದ ಬದಲಾವಣೆ ಬಂದದ್ದು 2012ರ ತಿದ್ದುಪಡಿಯಲ್ಲಿ. ಆ ವರ್ಷದ ಜೂನ್ 21ರಿಂದ ಕಲಂ 38ಎ ಜಾರಿಯಲ್ಲಿದೆ. ನಟ ಲಿಖಿತ ಒಪ್ಪಂದದ ಮೂಲಕ ಒಪ್ಪಿಗೆ ಕೊಟ್ಟ ಮೇಲೆ, ಬೇರೆ ಷರತ್ತು ಇಲ್ಲದಿದ್ದರೆ, ನಿರ್ಮಾಪಕರು ಆ ಚಿತ್ರವನ್ನು ಬಳಸುವುದಕ್ಕೆ ಆತ ಅಡ್ಡಿಪಡಿಸುವಂತಿಲ್ಲ. ಆದರೆ ಅಭಿನಯವನ್ನು ವಾಣಿಜ್ಯ ಉದ್ದೇಶಕ್ಕೆ ಬಳಸಿದರೆ ರಾಯಲ್ಟಿಗೆ, ಎಂದರೆ ಆ ಬಳಕೆಗೆ ಸಲ್ಲಬೇಕಾದ ಪಾಲಿಗೆ, ಆತ ಅರ್ಹ. 2013ರ ಹಕ್ಕುಸ್ವಾಮ್ಯ ನಿಯಮಗಳು ಈ ವಾಣಿಜ್ಯ ಬಳಕೆಯಲ್ಲಿ ಪ್ರಸಾರವನ್ನೂ ಸೇರಿಸಿಯೇ ವಿವರಿಸಿವೆ. ಅಭಿನಯ ನಡೆದ ಮರುವರ್ಷದ ಆರಂಭದಿಂದ 50 ವರ್ಷ ಈ ಹಕ್ಕು ಬದುಕಿರುತ್ತದೆ.

ಆದ್ದರಿಂದ 2012ರ ಜೂನ್ ನಂತರ ನಟಿಸಿದವರು ಕಾನೂನನ್ನೇ ಹಿಡಿದು ಕೇಳಬಹುದು. ಎಂಬತ್ತು, ತೊಂಬತ್ತರ ದಶಕದಲ್ಲಿ ನಟಿಸಿದವರಿಗೆ ಕಾನೂನಿನ ಆಸರೆ ತೀರಾ ತೆಳು. ಹಳೆಯ ಅಭಿನಯವನ್ನು 2012ರ ನಂತರ ಬಳಸಿದರೆ ಹೊಸ ಕಾನೂನು ಅನ್ವಯಿಸುತ್ತದೆ ಎಂದು ವಾದಿಸಬಹುದು, ಎದುರು ಪಕ್ಷ ಅದನ್ನು ಒಪ್ಪದೆ ವಾದಿಸುತ್ತದೆ. ಅಂಥವರಿಗೆ ಆಧಾರವಾಗುವುದು ಅಂದು ಸಹಿ ಹಾಕಿದ ಕರಾರು. ಅದರಲ್ಲಿ ಮರುಪ್ರಸಾರಕ್ಕೆ ಹಣ ಕೊಡುವ ಷರತ್ತು ಇದ್ದರೆ 1957ರ ಕಾಯ್ದೆ ಏನು ಹೇಳುತ್ತದೆ ಎಂಬ ಚರ್ಚೆಯೇ ಬೇಕಿಲ್ಲ. ಕೊಟ್ಟ ಮಾತಿನ ಪ್ರಕಾರ ಹಣ ಕೊಡಿ ಎಂದು ಕೇಳಿದರೆ ಸಾಕು.

ಮರುಪ್ರಸಾರ ಶುಲ್ಕವನ್ನೂ ರಾಯಲ್ಟಿಯನ್ನೂ ಒಂದೇ ಅರ್ಜಿಯಲ್ಲಿ ಕಲಸಿ ಬರೆಯಬಾರದು ಎನ್ನುವುದು ಇದೇ ಕಾರಣಕ್ಕೆ. ಮರುಪ್ರಸಾರ ಶುಲ್ಕ ಕರಾರಿನಿಂದ ಹುಟ್ಟುತ್ತದೆ: ಇಷ್ಟು ಬಾರಿ ತೋರಿಸಿದರೆ ಮೂಲ ಸಂಭಾವನೆಯ ಇಷ್ಟು ಭಾಗ ಎಂಬ ಲೆಕ್ಕ. ರಾಯಲ್ಟಿ ಕಾನೂನಿನಿಂದ ಹುಟ್ಟುತ್ತದೆ, ಆದರೆ ಅದು ಶೇಕಡಾ ಎಷ್ಟು ಎಂದು ಕಾನೂನು ಹೇಳಿಲ್ಲ. ಒಂದರ ಆಧಾರದಲ್ಲಿ ಇನ್ನೊಂದನ್ನು ಕೇಳಿದರೆ ಕಚೇರಿಯವರು ಅರ್ಜಿಯನ್ನು ಒಂದೇ ಸಾಲಿನ ಉತ್ತರದಲ್ಲಿ ಮುಗಿಸುತ್ತಾರೆ.

ಕರಾರು ಓದುವುದು

ಮನೆಯಲ್ಲಿರುವ ಕಾಗದಗಳನ್ನೆಲ್ಲ ಹೊರತೆಗೆಯಿರಿ. ಕರಾರು ಪತ್ರ, ವೋಚರ್‌ನ ಪ್ರತಿ, ಆಹ್ವಾನ ಪತ್ರ, ಕಾಲ್‌ಶೀಟ್, ಆಡಿಷನ್‌ನಲ್ಲಿ ದೊರೆತ ಶ್ರೇಣಿಯ ಪತ್ರ ಎಲ್ಲವೂ ಬೇಕು. ಒಬ್ಬ ಹಿರಿಯ ಕಲಾವಿದೆ ತಮ್ಮ ಕರಾರನ್ನು ಲ್ಯಾಮಿನೇಷನ್ ಮಾಡಿಸಿ ಗೋಡೆಗೆ ತೂಗುಹಾಕಿದ್ದರು. ಮುಂಬದಿಯಲ್ಲಿ ಅವರ ಹೆಸರು, ನಾಟಕದ ಹೆಸರು, ಸಂಭಾವನೆ. ನಾವು ಚೌಕಟ್ಟು ಬಿಚ್ಚಿ ತಿರುಗಿಸಿದಾಗ ಹಿಂಬದಿಯಲ್ಲಿ ಸಣ್ಣ ಅಕ್ಷರಗಳಲ್ಲಿ ಷರತ್ತುಗಳ ಸಾಲುಗಳಿದ್ದವು. ಮರುಪ್ರಸಾರದ ಷರತ್ತು ಇದ್ದದ್ದು ಅಲ್ಲಿ. ಅಷ್ಟು ವರ್ಷ ಗೋಡೆಗೆ ಮುಖ ಮಾಡಿಕೊಂಡಿದ್ದ ಆ ಪುಟವನ್ನು ಅವರು ಓದಿರಲೇ ಇಲ್ಲ. ಕರಾರಿನ ಎರಡೂ ಬದಿಯನ್ನು ಓದಿ, ಎರಡೂ ಬದಿಯ ಫೋಟೊ ತೆಗೆದಿಡಿ.

ಓದುವಾಗ ಐದು ವಿಷಯಗಳನ್ನು ಹುಡುಕಿ. ಒಪ್ಪಿಗೆ ಎಷ್ಟು ವರ್ಷಕ್ಕೆ? ಯಾವ ಪ್ರದೇಶಕ್ಕೆ? ಯಾವ ಮಾಧ್ಯಮಕ್ಕೆ? ಮರುಪ್ರಸಾರಕ್ಕೆ ಏನಾದರೂ ಕೊಡುವ ಮಾತಿದೆಯೇ? ವಿವಾದ ಬಂದರೆ ಎಲ್ಲಿಗೆ ಹೋಗಬೇಕು? ಹಕ್ಕು ವರ್ಗಾವಣೆ ಪತ್ರದಲ್ಲಿ ಅವಧಿ ಬರೆದಿಲ್ಲದಿದ್ದರೆ ಅದು ಐದು ವರ್ಷಕ್ಕೆ, ಪ್ರದೇಶ ಬರೆದಿಲ್ಲದಿದ್ದರೆ ಭಾರತಕ್ಕೆ ಮಾತ್ರ ಎಂದು ಹಕ್ಕುಸ್ವಾಮ್ಯ ಕಾಯ್ದೆಯ ಕಲಂ 19 ಹೇಳುತ್ತದೆ. ಈ ಕಲಂ ಪ್ರದರ್ಶಕರ ಹಕ್ಕಿಗೂ ಅನ್ವಯಿಸುತ್ತದೆ ಎಂಬುದನ್ನು ಕಲಂ 39ಎ ಸ್ಪಷ್ಟಪಡಿಸಿದೆ.

ಕರಾರೇ ಆಗಿರಲಿಲ್ಲವೇ? ಹೊರಗಿನ ನಿರ್ಮಾಪಕರ ಬಳಿ ಕೆಲಸ ಮಾಡಿದ ಬಹಳ ಮಂದಿಯ ಸ್ಥಿತಿ ಇದು. ದಿನದ ಕೊನೆಯಲ್ಲಿ ವೋಚರ್‌ಗೆ ಸಹಿ, ಕೈಗೆ ಹಣ, ಅಷ್ಟೇ. ಇದರಿಂದ ಎದೆಗುಂದಬೇಡಿ. ನಿರ್ಮಾಪಕರಿಗೆ 38ಎ ಕೊಡುವ ರಕ್ಷಣೆ ನಿಂತಿರುವುದೇ ನಟರ ಲಿಖಿತ ಒಪ್ಪಿಗೆಯ ಮೇಲೆ. 2012ರ ನಂತರದ ಕೆಲಸಕ್ಕೆ ಬರಹದ ಒಪ್ಪಂದವೇ ಇಲ್ಲವೆಂದರೆ ತೊಂದರೆ ಅವರಿಗೆ, ನಿಮಗಲ್ಲ. ಧಾರಾವಾಹಿಯನ್ನು ಯಾವುದೋ ವೇದಿಕೆಗೆ ಮಾರುವ ಹೊತ್ತಿನಲ್ಲಿ ಕೊಳ್ಳುವವರು ಕಲಾವಿದರ ಒಪ್ಪಿಗೆ ಪತ್ರ ಕೇಳುತ್ತಾರೆ. ಆಗ ನಿರ್ಮಾಣ ಸಂಸ್ಥೆಯ ಮ್ಯಾನೇಜರ್ ಮನೆಗೆ ಬಂದು, ಕಾಫಿ ಕುಡಿದು, ಹಳೆಯ ದಿನಾಂಕ ಹಾಕಿದ ಕಾಗದ ಮುಂದಿಟ್ಟು ‘ಸುಮ್ಮನೆ ಫೈಲಿಗೆ ಬೇಕು, ಒಂದು ಸಹಿ’ ಎನ್ನುತ್ತಾರೆ. ದಯವಿಟ್ಟು ಹಾಕಬೇಡಿ. ಎಷ್ಟೇ ಆತ್ಮೀಯರಾಗಿರಲಿ, ‘ಬಿಟ್ಟುಹೋಗಿ, ಓದಿ ತಿಳಿಸುತ್ತೇನೆ’ ಎನ್ನಿ. ಅದರಲ್ಲಿ ರಾಯಲ್ಟಿ ಬಿಟ್ಟುಕೊಟ್ಟಿದ್ದೇನೆ ಎಂಬ ಸಾಲು ಇದ್ದರೆ ಹೊಡೆದುಹಾಕಿಸಿ. ಚಿತ್ರಗಳಲ್ಲಿ ಬಳಸಿದ ಸಾಹಿತ್ಯ, ಸಂಗೀತ ರಚಿಸಿದವರು ತಮ್ಮ ರಾಯಲ್ಟಿಯನ್ನು ನಿರ್ಮಾಪಕರಿಗೆ ಬಿಟ್ಟುಕೊಡುವಂತಿಲ್ಲ ಎಂದು ಕಾಯ್ದೆ ಬಿಡಿಸಿ ಹೇಳಿದೆ. ನಟರ ವಿಷಯದಲ್ಲಿ ಅಷ್ಟು ಬಿಡಿಸಿ ಹೇಳಿಲ್ಲ. ಹಾಗಾಗಿ ನಟರು ಇನ್ನೂ ಹೆಚ್ಚು ಎಚ್ಚರದಿಂದ ಇರಬೇಕು.

ಸಣ್ಣ ಪಾತ್ರ ಮಾಡಿದವರಿಗೆ ಇನ್ನೊಂದು ಮಾತು. ಚಿತ್ರದಲ್ಲಿ ಪ್ರಾಸಂಗಿಕವಾಗಿ ಬಂದುಹೋಗುವ, ರೂಢಿಯ ಪ್ರಕಾರ ಟೈಟಲ್‌ನಲ್ಲಿ ಹೆಸರೂ ಬಾರದ ವ್ಯಕ್ತಿಯನ್ನು ಕಾಯ್ದೆ ಪ್ರದರ್ಶಕ ಎಂದು ಪರಿಗಣಿಸುವುದಿಲ್ಲ. ಎಂದರೆ ಟೈಟಲ್ ಕಾರ್ಡಿನಲ್ಲಿ ಹೆಸರು ಬರುವುದು ಬರಿಯ ಗೌರವದ ಮಾತಲ್ಲ, ಹಣದ ಮಾತೂ ಹೌದು. ಪ್ರಸಾರವಾದಾಗ ನಿಮ್ಮ ಹೆಸರಿರುವ ಚೌಕಟ್ಟಿನ ಫೋಟೊ ತೆಗೆದಿಟ್ಟುಕೊಳ್ಳಿ. ಕೊನೆಯ ಪಟ್ಟಿ ಓಡುವುದರೊಳಗೆ ಜಾಹೀರಾತು ಬಂದುಬಿಡುತ್ತದೆ, ಕೈಯಲ್ಲಿ ಮೊಬೈಲ್ ಹಿಡಿದೇ ಕೂರಬೇಕು.

ಮರುಪ್ರಸಾರದ ಪಟ್ಟಿ

ಯಾವ ದಿನ, ಯಾವ ವಾಹಿನಿ, ಎಷ್ಟು ಹೊತ್ತಿಗೆ, ಯಾವ ಕಂತು, ಜಾಹೀರಾತು ಇತ್ತೇ ಎಂಬ ಐದು ಅಂಕಣಗಳ ಒಂದು ನೋಟ್‌ಬುಕ್ ಇಡಿ. ನೀವೇ ನೋಡಬೇಕೆಂದಿಲ್ಲ. ‘ನಿನ್ನೆ ಮಧ್ಯಾಹ್ನ ಚಂದನದಲ್ಲಿ ನಿಮ್ಮನ್ನು ನೋಡಿದೆ’ ಎಂದು ಫೋನ್ ಮಾಡಿದವರ ಮಾತನ್ನು ಅಂದೇ ಬರೆದುಕೊಂಡರೆ ಸಾಕು. ದಿನಾಂಕ ಖಚಿತವಿಲ್ಲದಿದ್ದರೂ, ಮುಂದೆ ಹೇಳುವ ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿಗೆ ಅದು ಸುಳಿವು. ಯೂಟ್ಯೂಬ್‌ನಲ್ಲಿದ್ದರೆ ವಿಡಿಯೊ ವಿಳಾಸ, ಏರಿಸಿದ ದಿನಾಂಕ, ಚಾನೆಲ್ ಹೆಸರು ಕಾಣುವಂತೆ ಪರದೆಯ ಚಿತ್ರ ತೆಗೆಯಿರಿ. ಮೊಬೈಲ್‌ನಲ್ಲಿರುವ ಮೂಲ ಕಡತವನ್ನು ಅಳಿಸಬೇಡಿ. ನ್ಯಾಯಾಲಯಕ್ಕೆ ಹೋಗುವ ಸಂದರ್ಭ ಬಂದರೆ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರ ಬೇಕಾಗುತ್ತದೆ, ವಾಟ್ಸ್‌ಆಪ್‌ನಲ್ಲಿ ಊರು ಸುತ್ತಿ ಬಂದ ಪ್ರತಿಗೆ ಅದನ್ನು ಪಡೆಯುವುದು ಕಷ್ಟ.

ಆರ್‌ಟಿಐ: ಸಾರ್ವಜನಿಕ ಸಂಸ್ಥೆಯ ಬಳಿ ಮಾತ್ರ ನಡೆಯುವ ಅಸ್ತ್ರ

ಖಾಸಗಿ ವಾಹಿನಿಯಲ್ಲಿ ನಟಿಸಿದವರಿಗೆ ಈ ಅನುಕೂಲ ಇಲ್ಲ. ಪ್ರಸಾರ ಭಾರತಿ ಸಂಸತ್ತಿನ ಕಾಯ್ದೆಯಿಂದ ಹುಟ್ಟಿದ ನಿಗಮ. ಮಾಹಿತಿ ಹಕ್ಕು ಕಾಯ್ದೆ ಅದಕ್ಕೆ ಪೂರ್ತಿಯಾಗಿ ಅನ್ವಯಿಸುತ್ತದೆ. ನಿಮ್ಮ ಕರಾರು ಕಳೆದುಹೋಗಿದ್ದರೂ ಅವರ ಫೈಲಿನಲ್ಲಿ ಇನ್ನೊಂದು ಪ್ರತಿ ಇರಬಹುದು. ಕಾರ್ಯಕ್ರಮ ಪಟ್ಟಿ, ಪ್ರಸಾರದ ದಿನಚರಿ, ಟೇಪ್ ಲೈಬ್ರರಿಯ ರಿಜಿಸ್ಟರ್ ಇವೆಲ್ಲ ದಾಖಲೆಗಳೇ.

ಇದು ಕೇಂದ್ರದ ಸಂಸ್ಥೆಯಾದ್ದರಿಂದ ಕೇಂದ್ರ ಸರ್ಕಾರದ ಆರ್‌ಟಿಐ ಆನ್‌ಲೈನ್ ಪೋರ್ಟಲ್‌ನಲ್ಲಿ ಸಲ್ಲಿಸಬೇಕು. ಅಂಚೆಯಲ್ಲಿ ಕಳಿಸುವವರು 10 ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ, ದೂರದರ್ಶನ ಕೇಂದ್ರದ ಸಾರ್ವಜನಿಕ ಮಾಹಿತಿ ಅಧಿಕಾರಿಯ ಹೆಸರಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಬಹುದು. ಬಡತನ ರೇಖೆಗಿಂತ ಕೆಳಗಿರುವವರಿಗೆ ಶುಲ್ಕವಿಲ್ಲ, ಕಾರ್ಡಿನ ಪ್ರತಿ ಲಗತ್ತಿಸಬೇಕು. ಕನ್ನಡದಲ್ಲೇ ಬರೆಯಿರಿ. ಆಯಾ ಪ್ರದೇಶದ ಅಧಿಕೃತ ಭಾಷೆಯಲ್ಲಿ ಅರ್ಜಿ ಕೊಡಲು ಕಾಯ್ದೆಯೇ ಅವಕಾಶ ಕೊಟ್ಟಿದೆ. ಕರ್ನಾಟಕದ ಕಚೇರಿಗಳಿಗೆ ಅರ್ಜಿ ಹಾಕಿ ರೂಢಿ ಇರುವವರು 150 ಪದಗಳ ಮಿತಿಯೊಳಗೆ ಹಿಂಡಿ ಬರೆಯುತ್ತಾರೆ. ಆ ಮಿತಿ ರಾಜ್ಯದ ನಿಯಮ. ಕೇಂದ್ರದ ನಿಯಮಗಳಲ್ಲಿ 500 ಪದಗಳವರೆಗೆ ಅವಕಾಶವಿದೆ.

ಅರ್ಜಿಯಲ್ಲಿ ‘ನನಗೆ ಏಕೆ ರಾಯಲ್ಟಿ ಕೊಟ್ಟಿಲ್ಲ?’ ಎಂದು ಕೇಳಬೇಡಿ. ‘ಏಕೆ’ ಎಂಬುದಕ್ಕೆ ಉತ್ತರ ಕೊಡುವ ಹೊಣೆ ಮಾಹಿತಿ ಅಧಿಕಾರಿಗೆ ಇಲ್ಲ. ಅವರು ಕೊಡಬೇಕಾದದ್ದು ಇರುವ ದಾಖಲೆಯನ್ನು. ಹೀಗೆ ಬರೆಯಬಹುದು:

‘ನಾನು ನಟಿಸಿರುವ (ಧಾರಾವಾಹಿಯ ಹೆಸರು), ಮೊದಲ ಪ್ರಸಾರ (ವರ್ಷ), ಇದಕ್ಕೆ ಸಂಬಂಧಿಸಿ ಕೆಳಗಿನ ದಾಖಲೆಗಳ ಪ್ರತಿಗಳನ್ನು ಒದಗಿಸಬೇಕು. 1. ನನ್ನೊಂದಿಗೆ ಮಾಡಿಕೊಂಡ ಕರಾರು, ಷರತ್ತುಗಳ ಪುಟವೂ ಸೇರಿದಂತೆ. 2. ಸದರಿ ಕಾರ್ಯಕ್ರಮ ಸ್ವಂತ ನಿರ್ಮಾಣವೋ, ಕಮಿಷನ್ಡ್ ಕಾರ್ಯಕ್ರಮವೋ, ಪ್ರಾಯೋಜಿತವೋ ಎಂಬುದನ್ನು ತೋರಿಸುವ ದಾಖಲೆ. 3. ಇದು (ದಿನಾಂಕ)ದಿಂದ ಇಂದಿನವರೆಗೆ ಪ್ರಸಾರ ಭಾರತಿಯ ಯಾವುದೇ ವಾಹಿನಿ, ಯೂಟ್ಯೂಬ್ ಚಾನೆಲ್ ಅಥವಾ ಒಟಿಟಿ ವೇದಿಕೆಯಲ್ಲಿ ಪ್ರಸಾರವಾದ ದಿನಾಂಕ ಮತ್ತು ಸಮಯದ ದಾಖಲೆ. 4. ಕಲಾವಿದರಿಗೆ ಮರುಪ್ರಸಾರ ಶುಲ್ಕ ಮತ್ತು ರಾಯಲ್ಟಿ ಪಾವತಿಸುವ ಕುರಿತು ಜಾರಿಯಲ್ಲಿರುವ ಸುತ್ತೋಲೆ, ದರಪಟ್ಟಿಗಳ ಪ್ರತಿ.’

ನಾಲ್ಕನೆಯದನ್ನು ಬಿಡಬೇಡಿ. ನಿಮ್ಮ ಬೇಡಿಕೆಯ ಮೊತ್ತ ಎಷ್ಟೆಂದು ತಿಳಿಯುವುದು ಆ ಸುತ್ತೋಲೆಯಿಂದ. ಊಹೆಯ ಅಂಕಿ ಬರೆದು ಕೇಳುವುದಕ್ಕೂ ಅವರದೇ ದರಪಟ್ಟಿ ತೋರಿಸಿ ಕೇಳುವುದಕ್ಕೂ ಬಹಳ ವ್ಯತ್ಯಾಸವಿದೆ.

30 ದಿನದೊಳಗೆ ಉತ್ತರ ಬರಬೇಕು. ಪ್ರತಿಗಳಿಗೆ ಪುಟಕ್ಕೆ 2 ರೂಪಾಯಿ. ವಿಷಯ ಬೇರೆ ಕಚೇರಿಗೆ ಸೇರಿದ್ದಾದರೆ ಐದು ದಿನದೊಳಗೆ ಅವರೇ ವರ್ಗಾಯಿಸಬೇಕು, ದೆಹಲಿಗೆ ಹೊಸ ಅರ್ಜಿ ಹಾಕಿ ಎಂದು ನಿಮ್ಮನ್ನು ಓಡಿಸುವಂತಿಲ್ಲ. ಉತ್ತರ ಬರದಿದ್ದರೆ ಅಥವಾ ಅರೆಬರೆ ಬಂದರೆ 30 ದಿನದೊಳಗೆ ಅದೇ ಸಂಸ್ಥೆಯ ಮೇಲ್ಮನವಿ ಪ್ರಾಧಿಕಾರಕ್ಕೆ, ಅಲ್ಲಿಂದಲೂ ಆಗದಿದ್ದರೆ 90 ದಿನದೊಳಗೆ ಕೇಂದ್ರ ಮಾಹಿತಿ ಆಯೋಗಕ್ಕೆ ಹೋಗಬಹುದು. ಎರಡಕ್ಕೂ ಶುಲ್ಕವಿಲ್ಲ. ‘ವಾಣಿಜ್ಯ ಗೋಪ್ಯತೆ’ ಅಥವಾ ‘ಮೂರನೆಯ ವ್ಯಕ್ತಿಯ ಮಾಹಿತಿ’ ಎಂಬ ಉತ್ತರ ಬರಬಹುದು. ನೀವು ಕೇಳುತ್ತಿರುವುದು ನಿಮ್ಮದೇ ಕರಾರು, ಊರಿಗೆಲ್ಲ ಕಾಣುವಂತೆ ನಡೆದ ಪ್ರಸಾರದ ದಿನಾಂಕ. ಮೇಲ್ಮನವಿಯಲ್ಲಿ ಈ ಮಾತನ್ನೇ ಬರೆಯಿರಿ.

ಬೇಡಿಕೆ ಪತ್ರ

ದಾಖಲೆ ಕೈಗೆ ಬಂದ ಮೇಲೆ ಕೇಂದ್ರದ ಮುಖ್ಯಸ್ಥರಿಗೆ, ಪ್ರಾಯೋಜಿತ ಧಾರಾವಾಹಿಯಾದರೆ ನಿರ್ಮಾಪಕರಿಗೆ, ಒಂದು ಪುಟದ ಪತ್ರ ಬರೆಯಿರಿ. ನಿಮ್ಮ ಕಲಾಸೇವೆಯ ಇತಿಹಾಸ, ಪ್ರಶಸ್ತಿಗಳ ಪಟ್ಟಿ, ಇಂದಿನ ಕಷ್ಟ ಇವು ಯಾವುವೂ ಬೇಡ. ಅವು ಬಂದ ಕೂಡಲೇ ನಿಮ್ಮ ಪತ್ರ ಸಹಾಯಧನದ ಅರ್ಜಿಯಂತೆ ಕಾಣತೊಡಗುತ್ತದೆ. ನೀವು ಕೇಳುತ್ತಿರುವುದು ದುಡಿದ ಹಣ. ‘ಇಂಥ ಕರಾರಿನ ಇಂಥ ಷರತ್ತಿನಂತೆ, ನಿಮ್ಮ ಕಚೇರಿಯೇ ಇಂಥ ದಿನಾಂಕದ ಪತ್ರದಲ್ಲಿ ತಿಳಿಸಿದ ಮರುಪ್ರಸಾರಗಳಿಗೆ ನನಗೆ ಬರಬೇಕಾದ ಮೊತ್ತ ಇಷ್ಟು’ ಎಂದು ಆರಂಭಿಸಿ ಲೆಕ್ಕ ಕೊಡಿ. ಉದಾಹರಣೆಗೆ ಮೂಲ ಸಂಭಾವನೆ ಕಂತಿಗೆ 2,000 ರೂಪಾಯಿ, ಷರತ್ತಿನಲ್ಲಿರುವುದು ಶೇಕಡಾ 25, ಮರುಪ್ರಸಾರವಾದ ಕಂತು 13 ಎಂದಾದರೆ 6,500 ರೂಪಾಯಿ. ಕರಾರಿನಲ್ಲಿ ಷರತ್ತು ಇಲ್ಲದೆ ಕಾನೂನಿನ ಆಧಾರದಲ್ಲಿ ಕೇಳುವವರು 38ಎ ಕಲಮನ್ನು ಹೆಸರಿಸಿ, ಬಳಕೆಯ ದಿನಾಂಕಗಳನ್ನು ಕೊಟ್ಟು, ಆ ಬಳಕೆಯಿಂದ ಬಂದ ಆದಾಯದ ವಿವರ ಮತ್ತು ನ್ಯಾಯಯುತ ಪಾಲು ಕೇಳಬೇಕು. ಮೂವತ್ತು ದಿನದ ಗಡುವು ಹಾಕಿ. ತಲುಪಿದ್ದಕ್ಕೆ ದಾಖಲೆ ಸಿಗುವಂತೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ಅದೇ ಪತ್ರವನ್ನು ಇಮೇಲ್‌ನಲ್ಲೂ ಹಾಕಿ.

ಖುದ್ದಾಗಿ ಹೋಗಿ ಕೊಡುವವರು ಪ್ರತಿಯ ಮೇಲೆ ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳದೆ ಬರಬಾರದು. ಪರಿಚಯದ ಅಧಿಕಾರಿಗಳು ‘ನೋಡೋಣ ಬಿಡಿ ಅಮ್ಮ, ಮಾತಾಡುತ್ತೇನೆ’ ಎಂದು ಪ್ರೀತಿಯಿಂದಲೇ ಹೇಳುತ್ತಾರೆ. ಮುಂದಿನ ತಿಂಗಳು ಅವರಿಗೆ ವರ್ಗವಾಗಿರುತ್ತದೆ.

ಗಡುವು ದಾಟಿದರೆ ವಕೀಲರ ನೋಟಿಸ್. ಹಣದ ಬಾಕಿಗೂ ಹಕ್ಕಿನ ಉಲ್ಲಂಘನೆಗೂ ಮೊಕದ್ದಮೆ ಹೂಡಲು ಸಾಮಾನ್ಯವಾಗಿ ಮೂರು ವರ್ಷದ ಕಾಲಮಿತಿ ಇದೆ. ಪತ್ರ ವ್ಯವಹಾರ ನಡೆಯುತ್ತಿದೆ ಎಂದುಕೊಂಡು ಕಾಲ ಕಳೆದರೆ ಆ ಮೂರು ವರ್ಷ ಸದ್ದಿಲ್ಲದೆ ಓಡಿಹೋಗುತ್ತದೆ. ಕರಾರಿನಲ್ಲಿ ಪಂಚಾಯಿತಿಕೆಯ (ಆರ್ಬಿಟ್ರೇಷನ್) ಷರತ್ತು ಇದ್ದರೆ ಮೊದಲು ಅದೇ ದಾರಿ. ಇಲ್ಲದಿದ್ದರೆ, ಮೊತ್ತ 3 ಲಕ್ಷ ರೂಪಾಯಿ ಅಥವಾ ಹೆಚ್ಚಿದ್ದಾಗ ವಾಣಿಜ್ಯ ನ್ಯಾಯಾಲಯಕ್ಕೆ ಹೋಗಬೇಕು. ಅಲ್ಲಿ ತುರ್ತು ಆದೇಶ ಕೇಳದವರಿಗೆ ದಾವೆಗೂ ಮುಂಚೆ ಮಧ್ಯಸ್ಥಿಕೆ ಕಡ್ಡಾಯ. ಇಂಥ ಪ್ರಕರಣಗಳಿಗೆ ಮಧ್ಯಸ್ಥಿಕೆಯೇ ಒಳ್ಳೆಯದೆಂದು ನನ್ನ ಭಾವನೆ. ವಕೀಲರ ಶುಲ್ಕಕ್ಕೆ ಹೆದರುವವರು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಪಡೆಯುವ ಅರ್ಹತೆ ಇದೆ. ನಮ್ಮ ಕಲಾವಿದೆಯರಲ್ಲಿ ಇದು ತಿಳಿದವರು ಬಹಳ ಕಡಿಮೆ.

ಕಲಾವಿದರು ತೀರಿಕೊಂಡಿದ್ದರೆ ವಾರಸುದಾರರು ಇದೇ ಕ್ರಮದಲ್ಲಿ ಕೇಳಬಹುದು. ಮರಣ ಪ್ರಮಾಣಪತ್ರ, ನಾಡಕಚೇರಿಯಲ್ಲಿ ಸಿಗುವ ವಂಶವೃಕ್ಷ ಅಥವಾ ಬದುಕಿರುವ ಕುಟುಂಬ ಸದಸ್ಯರ ದೃಢೀಕರಣ ಪತ್ರ ಜೊತೆಗಿರಲಿ. ಮಕ್ಕಳೆಲ್ಲ ಸೇರಿ ಒಬ್ಬರಿಗೆ ಅಧಿಕಾರ ಕೊಟ್ಟು ಬರೆದ ಪತ್ರ ಇದ್ದರೆ ಕೆಲಸ ಬೇಗ ಸಾಗುತ್ತದೆ.

ಮುಂದಿನ ಕರಾರಿಗೆ ಸಹಿ ಹಾಕುವ ಮುನ್ನ

ಈಗ ನಟಿಸುತ್ತಿರುವ ಕಿರಿಯರಿಗೆ ಇದೇ ಮುಖ್ಯ ಭಾಗ. ಈವರೆಗೆ ಹೇಳಿದ್ದೆಲ್ಲ ಹಿಂದೆ ಬಿಟ್ಟುಹೋದದ್ದನ್ನು ಹುಡುಕುವ ದಾರಿ. ಸಹಿಗೆ ಮುಂಚೆ ನಾಲ್ಕು ಸಾಲು ಸೇರಿಸಿದರೆ ಆ ಅಲೆದಾಟವೇ ತಪ್ಪುತ್ತದೆ.

‘ಮೊದಲ ಪ್ರಸಾರದ ನಂತರ ಯಾವುದೇ ವಾಹಿನಿಯಲ್ಲಿ ನಡೆಯುವ ಪ್ರತಿ ಮರುಪ್ರಸಾರಕ್ಕೆ ಕಂತಿನ ಸಂಭಾವನೆಯ ಶೇಕಡಾ (ಇಷ್ಟು) ಮೊತ್ತವನ್ನು ಪ್ರಸಾರವಾದ 60 ದಿನದೊಳಗೆ ಪಾವತಿಸತಕ್ಕದ್ದು. ಅಂತರ್ಜಾಲ, ಒಟಿಟಿ, ವಿದೇಶಿ ಮಾರಾಟ ಮತ್ತು ಡಬ್ಬಿಂಗ್‌ನಿಂದ ಬರುವ ಆದಾಯದಲ್ಲಿ ಕಲಾವಿದರ ಪಾಲು ಶೇಕಡಾ (ಇಷ್ಟು). ವರ್ಷಕ್ಕೊಮ್ಮೆ ಬಳಕೆಯ ಲೆಕ್ಕಪತ್ರ ಒದಗಿಸತಕ್ಕದ್ದು. ಕಾಯ್ದೆಯನ್ವಯ ಕಲಾವಿದರಿಗೆ ದೊರೆಯುವ ರಾಯಲ್ಟಿಯ ಹಕ್ಕಿಗೆ ಈ ಒಪ್ಪಂದದ ಯಾವುದೇ ಷರತ್ತು ಬಾಧಕವಲ್ಲ.’

ಒಪ್ಪಂದದಲ್ಲಿ ‘ಈಗಿರುವ ಮತ್ತು ಮುಂದೆ ಬರಬಹುದಾದ ಎಲ್ಲ ಮಾಧ್ಯಮಗಳಿಗೆ, ಇಡೀ ವಿಶ್ವಕ್ಕೆ, ಶಾಶ್ವತವಾಗಿ’ ಎಂಬ ಮಾತು ಇದ್ದರೆ ಅಲ್ಲಿ ಪೆನ್ನು ನಿಲ್ಲಿಸಿ. ಒಪ್ಪಂದದ ಹೊತ್ತಿಗೆ ಇಲ್ಲದ, ಹೆಸರಿಸಿಯೂ ಇಲ್ಲದ ಹೊಸ ಬಳಕೆಯ ವಿಧಾನಕ್ಕೆ ಹಕ್ಕು ವರ್ಗಾವಣೆ ಅನ್ವಯಿಸುವುದಿಲ್ಲ ಎಂದು 2012ರ ತಿದ್ದುಪಡಿ ಹೇಳಿದೆ. ಆದ್ದರಿಂದ ಕೊಡುವ ಮಾಧ್ಯಮಗಳನ್ನು ಒಂದೊಂದಾಗಿ ಹೆಸರಿಸಲು ಕೇಳಿ.

ಹೊಸಬರು ಇಷ್ಟೆಲ್ಲ ಕೇಳಿದರೆ ಪಾತ್ರವೇ ಕೈತಪ್ಪುತ್ತದೆ ಎಂಬ ಭಯ ನನಗೆ ಅರ್ಥವಾಗುತ್ತದೆ. ಒಬ್ಬೊಬ್ಬರೇ ಕೇಳುವವರೆಗೂ ಆ ಭಯ ಇದ್ದೇ ಇರುತ್ತದೆ. ಬ್ರಿಟನ್ನಿನಲ್ಲಿ 1930ರಲ್ಲಿ ಕಟ್ಟಿದ ನಟರ ಸಂಘ ‘ಈಕ್ವಿಟಿ’ ಬಿಬಿಸಿಯೊಂದಿಗೆ ಸಾಮೂಹಿಕ ಒಪ್ಪಂದ ಮಾಡಿಕೊಳ್ಳುತ್ತದೆ. ಮರುಪ್ರಸಾರ, ಮಾರಾಟಗಳಿಗೆ ಏನು ಕೊಡಬೇಕೆಂಬುದು ಅಲ್ಲಿ ಮೊದಲೇ ನಿಗದಿಯಾಗಿರುತ್ತದೆ, ಎರಡು ದೃಶ್ಯದ ನಟನೂ ಚೌಕಾಶಿ ಮಾಡಬೇಕಾಗಿಲ್ಲ. ಅಮೆರಿಕದಲ್ಲಿ 1960ರಲ್ಲಿ ನಟರು ಮುಷ್ಕರ ಹೂಡಿ, ಟಿವಿಯಲ್ಲಿ ತೋರಿಸುವ ಚಿತ್ರಗಳಿಗೆ ಪಾಲು ಪಡೆದರು. ನಮ್ಮಲ್ಲಿ ಗಾಯಕರು 2013ರಲ್ಲಿ ‘ಇಸ್ರಾ’ ಎಂಬ ಹಕ್ಕುಸ್ವಾಮ್ಯ ಸಂಘವನ್ನು ನೋಂದಾಯಿಸಿ ರಾಯಲ್ಟಿ ಸಂಗ್ರಹಿಸುವ ಏರ್ಪಾಡು ಮಾಡಿಕೊಂಡರು. ಕಾನೂನು ಅಂಥದೇ ಅವಕಾಶವನ್ನು ನಟರಿಗೂ ಕೊಟ್ಟಿದೆ. ಬೆಂಗಳೂರಿನ ಕಿರುತೆರೆ ಸಂಘಟನೆಗಳು ದಿನದ ಸಂಭಾವನೆ, ಕೆಲಸದ ಅವಧಿಗಳ ಬಗ್ಗೆ ಮಾತಾಡುವಾಗ ದೂರದರ್ಶನದ ಮಾದರಿ ಕರಾರಿನಲ್ಲಿ ಮರುಪ್ರಸಾರದ ಷರತ್ತು ಇರಬೇಕೆಂಬುದನ್ನೂ ಪಟ್ಟಿಗೆ ಸೇರಿಸಬೇಕು. ನಿಮ್ಮ ಸಂಘದ ಮುಂದಿನ ಸಭೆಯಲ್ಲಿ ನೀವೇ ಆ ವಿಷಯ ಎತ್ತಬಹುದು.

ಹಣ ಬಂದಾಗ

ಪಾವತಿಗೆ ಮುಂಚೆ ಪ್ಯಾನ್ ಸಂಖ್ಯೆ, ಬ್ಯಾಂಕ್ ವಿವರ ಕೇಳುತ್ತಾರೆ. ಟಿಡಿಎಸ್ ಕಡಿತವಾಗುವ ಮೊತ್ತವಾದರೆ ಸಾಮಾನ್ಯವಾಗಿ ಶೇಕಡಾ 10, ಪ್ಯಾನ್ ಕೊಡದಿದ್ದರೆ ಶೇಕಡಾ 20. ಒಟ್ಟು ಆದಾಯ ತೆರಿಗೆಯ ಮಿತಿಯೊಳಗಿದ್ದರೆ ರಿಟರ್ನ್ ಸಲ್ಲಿಸಿ ಅದನ್ನು ವಾಪಸು ಪಡೆಯಬಹುದು.

ಚೆಕ್ಕಿನ ಜೊತೆ ಒಂದು ರಸೀದಿ ಬರುತ್ತದೆ. ಅದರಲ್ಲಿ ‘ಪೂರ್ಣ ಮತ್ತು ಅಂತಿಮ ಪಾವತಿ, ಮುಂದೆ ಯಾವುದೇ ಬೇಡಿಕೆ ಇಲ್ಲ’ ಎಂಬ ಸಾಲು ಇದೆಯೇ ನೋಡಿ. ಇದ್ದರೆ ಅದನ್ನು ಹೊಡೆದು, ‘ಈ ಕೆಳಗಿನ ದಿನಾಂಕಗಳ ಮರುಪ್ರಸಾರಕ್ಕೆ ಮಾತ್ರ’ ಎಂದು ಬರೆದು, ದಿನಾಂಕಗಳನ್ನು ನಮೂದಿಸಿ, ತಿದ್ದಿದ ಜಾಗದಲ್ಲೂ ಸಹಿ ಮಾಡಿ. ಅದಕ್ಕೆ ಅವರು ಒಪ್ಪದಿದ್ದರೆ ಸಹಿ ಹಾಕದೆ, ಆ ನಿರಾಕರಣೆಯನ್ನು ಬರಹದಲ್ಲಿ ಕೊಡಿ ಎಂದು ಕೇಳಿ. ರಸೀದಿಯ ಫೋಟೊ ಆ ನೋಟ್‌ಬುಕ್‌ನ ಪಟ್ಟಿಯ ಜೊತೆಯಲ್ಲೇ ಇರಲಿ, ಮುಂದಿನ ಮರುಪ್ರಸಾರದ ಲೆಕ್ಕ ಅದರ ಮರುದಿನದಿಂದ ಶುರುವಾಗುತ್ತದೆ.